ಹೂಕೋಸಿನ ಕೆಳಗಿನ ಬಕೆಟ್ಟು

ನಮ್ಮ ಮನೆಯ ಸೀಲಿಂಗಿನ ನಡುವೆ ಒಂದು ದೊಡ್ಡ ಹೂಕೋಸು ಇತ್ತು. ಗಾರೆಯದು. ನಿಜಕ್ಕೂ ಏನೆಂದು ಯಾರಿಗೂ ಗೊತ್ತಿರಲಿಲ್ಲ, ಹಾಗೆ ಕಾಣುತ್ತಿತ್ತು, ಹಾಗೆ ಕರೆಯುತ್ತಿದ್ದೆವು. ಮಳೆ ಬಂದಾಗಲೆಲ್ಲ ಅದರ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಡಬ್ಲಿನ್ನಿನಲ್ಲಿ ಮಳೆ ಬಾರದ ವಾರ ಯಾವುದಿದೆ? ಹೀಗಾಗಿ ಕೋಣೆಯ ನಟ್ಟನಡುವಿನ ಜಾಗ ಬಕೆಟ್ಟಿಗೆ ಮೀಸಲು. ಊಟದ ಮೇಜು ಮೂಲೆಗೆ ಒತ್ತಿಕೊಂಡಿತ್ತು, ನಾವು ಗೋಡೆ ನೋಡುತ್ತಾ ಉಣ್ಣುತ್ತಿದ್ದೆವು.

ಮನೆಯೆಂದರೆ ಆ ಒಂದೇ ಕೋಣೆ. ಒಂದು ಕಾಲಕ್ಕೆ ಇಡೀ ಕಟ್ಟಡ ಯಾವನೋ ಒಬ್ಬ ದೊರೆಯದು. ಗೋಡೆಗೆ ಗೋಡೆ ಅಂಟಿಸಿ ಕಟ್ಟಿದ ಕೆಂಪು ಇಟ್ಟಿಗೆಯ ಸಾಲುಮನೆ. ನೆಲಮಾಳಿಗೆಯಲ್ಲಿ ಅಡುಗೆ, ಅದರ ಮೇಲೆ ಊಟ, ಅದರ ಮೇಲೆ ದೊರೆಯ ನೆಂಟರು ಕುಣಿಯುವುದಕ್ಕೆ ನಮ್ಮ ಕೋಣೆ, ಇನ್ನೂ ಮೇಲೆ ಮಲಗುವುದಕ್ಕೆ, ಸೂರಿನಡಿ ಆಳುಕಾಳುಗಳು. ಕಿಟಕಿಗಳಿಗೂ ಅಂತಸ್ತು ಗೊತ್ತು, ಮೇಲೆ ಹೋದಂತೆ ಗಿಡ್ಡವಾಗುತ್ತವೆ. ಐರ್ಲೆಂಡಿನ ಪಾರ್ಲಿಮೆಂಟು ಲಂಡನ್ನಿಗೆ ಹೋದ ಮೇಲೆ ದೊರೆಗಳೂ ಗಂಟುಮೂಟೆ ಕಟ್ಟಿದರು. ಕಾಲಕ್ರಮದಲ್ಲಿ ಕೋಣೆಗೊಂದು ಸಂಸಾರ ಸೇರಿಕೊಂಡಿತು.

ನಮ್ಮಮ್ಮ ಮಿನಾ ಕೀಯೋ ಹುಟ್ಟಿದ್ದೇ ಆ ಕೋಣೆಯಲ್ಲಿ. ದಿನಾ ಬೆಳಗ್ಗೆ ಕೂಸಿನ ಹಳೇ ತಳ್ಳುಗಾಡಿಗೆ ಮೀನು ತುಂಬಿಕೊಂಡು, ಇಳಿಜಾರಿನಲ್ಲಿ ಪೇಟೆಗೆ ಇಳಿದು ಮಾರುತ್ತಿದ್ದಳು. ಅದೇ ಕೋಣೆಯಲ್ಲಿರಬೇಕು, ಅದು ಸೋರಬಾರದು. ಅವಳು ಬಯಸಿದ್ದು ಇಷ್ಟೇ. ಮನೆ ಒಡೆಯನ ಏಜೆಂಟನ ಬಾಗಿಲಿಗೆ ಅಲೆದು ಅಲೆದು ಅವಳ ಬೂಟು ಸವೆದವು. ಅವನದು ಪ್ರತಿ ಸಲವೂ ಒಂದೇ ರಾಗ.

"ನೋಡೋಣ ಮಿಸೆಸ್ ಕೀಯೋ. ಬೇಸಿಗೆ ಬರ್ಲಿ."

"ಬಂದಾಗ ನಂಗೂ ಹೇಳ್ಕಳ್ಸಿ ಸ್ವಾಮಿ. ಈ ಊರಲ್ಲಿ ನಾನಿನ್ನೂ ಬೇಸಿಗೆ ನೋಡಿಲ್ಲ."

ಅಷ್ಟರಲ್ಲಿ ಮೇಲಿನ ಮಹಡಿಗಳವರು ಸಾಕಾಗಿ ಬಿಟ್ಟು ಹೋದರು. ತಡೆಯುವವರಿಲ್ಲದೆ ನೀರು ಅವರ ಹಲಗೆಗಳ ಸಂದಿಯಿಂದ ಇನ್ನೂ ಹಾಯಾಗಿ ನಮ್ಮಲ್ಲಿಗೆ ಇಳಿಯತೊಡಗಿತು. ಆದರೂ ಅಮ್ಮ ಕ್ರಿಸ್‌ಮಸ್ ಬಂತೆಂದರೆ ಉದ್ದ ಕೋಲಿಗೆ ಬ್ರಷ್ ಕಟ್ಟಿ ಸೀಲಿಂಗಿಗೆಲ್ಲ ಸುಣ್ಣ ಬಳಿಯುತ್ತಿದ್ದಳು. ಅವಳಮ್ಮನೂ ಬಳಿದಿದ್ದಳು. ಏಸು ಹುಟ್ಟಿದ ದಿನ ಮಸಿ ಹಿಡಿದ ಸೀಲಿಂಗು ಇಟ್ಟುಕೊಂಡರೆ ಅಕ್ಕಪಕ್ಕದವರು ಏನಂದಾರು?

ಅರವತ್ತರ ದಶಕ, ನಾನು ಬಿಸ್ಕತ್ತು ಕಾರ್ಖಾನೆಗೆ ಸೇರಿದ ವರ್ಷ. ಹಳೇ ಕಟ್ಟಡ ಉಳಿಸುವ ಯಾವುದೋ ಸಂಘದ ಮಿಸ್ಟರ್ ಫಿಟ್ಸ್‌ಮಾರಿಸ್ ನಮ್ಮಲ್ಲಿಗೆ ಬಂದರು. ಅಮ್ಮನನ್ನು ಕಂಡು ತೆಗೆಯದ ಹ್ಯಾಟನ್ನು ಸೀಲಿಂಗು ಕಂಡು ತೆಗೆದರು.

"ದೇವರೇ! ಯಾರ್ರೀ ಇದಕ್ಕೆ ಸುಣ್ಣ ಮೆತ್ತಿದ್ದು?"

"ನಾನೇ. ಯಾಕೆ, ಕಮ್ಮಿ ಆಯ್ತಾ?"

"ಹಾಳ್ ಮಾಡ್ಬಿಟ್ರಲ್ಲಮ್ಮಾ!"

"ಹಾಳ್ ಮಾಡಿದ್ದು ಮಳೆ ಕಣಪ್ಪಾ. ಕೆಳಗೆ ನೋಡ್ಕೊಂಡು ನಡೀರಿ, ಬಕೆಟ್ ಎಡವೀರಿ."

ಸಂಘ ಆ ಕಟ್ಟಡವನ್ನೇ ಕೊಂಡಿತು. ಕೋಣೆ ತುಂಬ ಮರದ ಅಟ್ಟಣಿಗೆ ಎದ್ದಿತು. ಒಂದಷ್ಟು ಹುಡುಗಿಯರು ಮೇಲೆ ಮಲಗಿ ಪುಟ್ಟ ಚಾಕುಗಳಿಂದ ಸುಣ್ಣ ಕೆರೆದರು. ಉದುರಿದ್ದೆಲ್ಲ ನಮ್ಮ ಚಹಾಕ್ಕೆ ಬಿತ್ತು. ಕೊನೆಗೆ ಹೂಕೋಸಿನೊಳಗಿಂದ ಒಂದು ಹಕ್ಕಿ ಹೊರಬಂತು. ರೆಕ್ಕೆ ಬಿಚ್ಚಿ, ಕೊಕ್ಕಿನಲ್ಲಿ ಹಣ್ಣಿನ ಗೊಂಚಲು ಕಚ್ಚಿತ್ತು. ಇಷ್ಟು ವರ್ಷ ನೀರು ಸುರಿದದ್ದು ಆ ಕೊಕ್ಕಿನಿಂದ.

ಕೆಳಗಿನ ಮನೆಯ ಮಿಸೆಸ್ ಸ್ಕಲ್ಲಿ ನೋಡಲು ಓಡಿ ಬಂದಳು. "ಅಯ್ಯೋ ಮಿನಾ, ಕೋಸು ಕೋಸು ಅಂತಿದ್ದೆ, ಕೋಳಿ ಕಣೇ! ಮೊದ್ಲೇ ಗೊತ್ತಾಗಿದ್ರೆ ಸಾರು ಮಾಡ್ಕೊಂಡು ತಿಂತಿದ್ವಿ."

ಅಮ್ಮ ನಗಲಿಲ್ಲ. ಕತ್ತೆತ್ತಿ ನೋಡುತ್ತಲೇ ನಿಂತಳು.

ಅದೇ ವಾರ ಸೂರಿನ ಮೇಲೆ ಕೆಲಸಗಾರರು ಹತ್ತಿದರು. ಹೊಸ ಹಂಚು, ಹೊಸ ಸೀಸದ ತಗಡು. ನನಗೆ ಮೈಯೆಲ್ಲ ಉರಿಯಿತು. ಅಮ್ಮ ಜೀವಮಾನವಿಡೀ ಬೇಡಿದಾಗ ಬಾರದ ಹಂಚು ಗಾರೆಯ ಹಕ್ಕಿಗಾಗಿ ಬಂತಲ್ಲ! ಅಮ್ಮನಿಗೆ ಅದೇ ಸಂಭ್ರಮ. "ಯಾರ್ ಪುಣ್ಯವೋ, ಸೋರೋದು ನಿಲ್ಲತ್ತಲ್ಲೇ ಅಟ್ರಾಕ್ಟಾ," ಎಂದು ನನ್ನ ಭುಜ ತಟ್ಟಿದಳು.

ಅಟ್ಟಣಿಗೆ ಬಿಚ್ಚಿ, ಹಂಚಿನ ಕೆಲಸವೂ ಮುಗಿದ ಮೇಲೆ ಫಿಟ್ಸ್‌ಮಾರಿಸ್ ಮತ್ತೆ ಬಂದರು. ಈ ಸಲ ಹ್ಯಾಟು ಕೈಯಲ್ಲೇ ಇತ್ತು. ನಾವು ಖಾಲಿ ಮಾಡಬೇಕಂತೆ. ನಗರಸಭೆ ಊರಾಚೆಯ ಫಿಂಗ್ಲಾಸ್‌ನಲ್ಲಿ ಹೊಸ ಮನೆ ಕೊಡುತ್ತದಂತೆ.

"ನಿಮ್ ಒಲೆ ಹೊಗೆ, ಪಾತ್ರೆ ಆವಿ, ಇದಕ್ಕೆ ಆಗಲ್ಲಮ್ಮ. ತುಂಬಾ ಸೂಕ್ಷ್ಮ ಇದು."

"ಫಿಂಗ್ಲಾಸ್ ಬಸ್ಸಿಗೆ ನನ್ ಮೀನ್ ಗಾಡಿ ಹತ್ತಿಸ್ಕೋತಾರಾ?"

"ಅದು... ನಂಗ್ ಗೊತ್ತಿಲ್ಲ."

"ಹಕ್ಕಿ ವಿಷ್ಯ ಎಲ್ಲಾ ಗೊತ್ತು, ಇದೊಂದು ಗೊತ್ತಿಲ್ವಾ?" ಎಂದು ನಾನು ಕೂಗಾಡಿದೆ. ನಗರಸಭೆಗೂ ಹೋಗಿ ಕೂಗಾಡಿದೆ. ಈ ಕಿಟಕಿಯವನು ಆ ಕಿಟಕಿಗೆ ಕಳಿಸಿದ, ಆ ಕಿಟಕಿಯವನು ಊಟಕ್ಕೆ ಹೋಗಿದ್ದ. ಗಂಟಲು ಕಟ್ಟಿಕೊಂಡಿದ್ದೇ ಬಂತು.

ಖಾಲಿ ಮಾಡುವ ಹಿಂದಿನ ಭಾನುವಾರ ಆಕಾಶವೇ ಹರಿದಂತೆ ಮಳೆ. ಅಮ್ಮ ಚರ್ಚಿನಿಂದ ಬಂದವಳೇ ಬಕೆಟ್ಟನ್ನು ಮೂಲೆಗೆ ಎಸೆದು, "ಹಿಡಿಯೇ ಆ ಕಡೆ," ಎಂದು ಮೇಜನ್ನು ನನ್ನ ಜೊತೆ ಕೋಣೆಯ ನಡುವಿಗೆ ಎಳೆದಳು. ಸಾಸೇಜು, ಬೇಕನ್, ಆಲೂಗಡ್ಡೆ ಹಾಕಿ ದೊಡ್ಡ ಪಾತ್ರೆಯಲ್ಲಿ ಕಾಡಲ್ ಬೇಯಿಸಿದಳು. ಮಿಸೆಸ್ ಸ್ಕಲ್ಲಿಯನ್ನೂ ಕರೆದಳು. ಮೇಜಿನ ಸುತ್ತ ಕೂತೆವು, ಆ ಮನೆಯಲ್ಲಿ ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿಕೊಂಡು. ಅಮ್ಮ ಮೇಜಿನ ಮೇಲೆ ಅಂಗೈ ಚಾಚಿ ಹಿಡಿದಳು. ಹೊರಗೆ ಸುರಿಯುತ್ತಲೇ ಇತ್ತು, ಅಂಗೈ ಒಣಗಿಯೇ ಇತ್ತು. ಅವಳು ಅತ್ತುಬಿಟ್ಟಳು.

ಅದೇ ಹೊತ್ತಿಗೆ ಫಿಟ್ಸ್‌ಮಾರಿಸ್ ಕೊಡೆ ಮಡಚುತ್ತಾ ಬಾಗಿಲಲ್ಲಿ ನಿಂತರು. ಅಂಥ ಮಳೆಗೆ ಹೊಸ ಸೂರು ತಡೆಯಿತೋ ಇಲ್ಲವೋ ಎಂದು ಹಕ್ಕಿಯನ್ನು ನೋಡಲು ಬಂದಿದ್ದರು.

"ಮಿಸೆಸ್ ಕೀಯೋ, ದಯವಿಟ್ಟು ಆ ಪಾತ್ರೆ ಮುಚ್ಚಿ. ಆವಿಯೆಲ್ಲ ಮೇಲಕ್ಕೆ ಹೋಗ್ತಿದೆ."

ಅಮ್ಮ ಕಣ್ಣೊರೆಸಿಕೊಂಡಳು. ಪಕ್ಕದಲ್ಲಿದ್ದ ಮುಚ್ಚಳ ಕೈಗೆತ್ತಿ ಅದನ್ನೊಮ್ಮೆ ನೋಡಿದಳು, ಹಕ್ಕಿಯನ್ನೊಮ್ಮೆ ನೋಡಿದಳು.

"ಇಷ್ಟ್ ವರ್ಷ ಅದರ ನೀರು ನಾವು ಹಿಡಿದಿದ್ದೀವಿ ಸ್ವಾಮಿ. ಇವತ್ತೊಂದಿನ ನಮ್ಮ ಆವಿ ಅದು ಹಿಡೀಲಿ."

ಮುಚ್ಚಳವನ್ನು ಮೂಲೆಯ ಬಕೆಟ್ಟಿಗೆ ಹಾಕಿ ಬಂದು ಎಲ್ಲರ ತಟ್ಟೆಗೂ ಬಡಿಸಿದಳು.