ಹತ್ತೊಂಬತ್ತನೇ ಲೂಯಿ

ತಟ್ಟೆಯ ಅಕ್ಕಿಯ ಮೇಲೆ ಚಿನ್ನದ ಉಂಗುರದಿಂದ ‘ಲೂ’ ಎಂದು ಬರೆದ ಶ್ರೀಕರ್ ಅಲ್ಲಿಗೇ ಕೈ ನಿಲ್ಲಿಸಿದ.

“ಬರಿ, ಮುಂದೆ ‘ಯಿ’ ಬರಿ,” ಎಂದರು ಅವನ ಅಪ್ಪ ವಾಸುದೇವ್, ಉಕ್ತಲೇಖನ ಹೇಳಿಕೊಡುವ ದನಿಯಲ್ಲಿ.

“ಅಕ್ಕಿ ಜಾರ್ತಿದೆ ಅಪ್ಪ.”

ಅಕ್ಕಿಯೇನೂ ಜಾರುತ್ತಿರಲಿಲ್ಲ. ಅವನು ಹೆಂಡತಿಯ ಮುಖ ನೋಡಿಬಿಟ್ಟಿದ್ದ, ಅಷ್ಟೆ. ಕಾತ್ಯಾಯಿನಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಎದುರಿಗೆ ಕೂತಿದ್ದಳು. ಹೊಟ್ಟೆಯೊಳಗೆ ಮೊದಲ ಸಲ ಒದ್ದ ದಿನದಿಂದ ಅವಳು ಈ ಮಗುವನ್ನು ಕೇದಾರ ಎಂದೇ ಕರೆಯುತ್ತಿದ್ದಳು. ನ್ಯೂಜಿಲೆಂಡಿನ ವೆಲಿಂಗ್ಟನ್ನಿನ ಆಫೀಸಿಗೆ ಹೋಗುವ ರೈಲಿನಲ್ಲಿ ಬೆಳಗ್ಗೆ ಸಂಜೆ ಅವನ ಜೊತೆ ಅದೇ ಹೆಸರಿನಲ್ಲಿ ಮಾತಾಡಿದ್ದಳು. ಗಂಡನಿಗೂ ಹೇಳಿದ್ದಳು. ಹೇಳಿದಾಗಲೆಲ್ಲ ಅವನು “ಚೆನ್ನಾಗಿದೆ” ಎಂದಿದ್ದ. ಶ್ರೀಕರ್ ಯಾವುದನ್ನೂ ಚೆನ್ನಾಗಿಲ್ಲ ಎನ್ನುವವನಲ್ಲ. ಲೂಯಿಗೂ ಚೆನ್ನಾಗಿದೆ ಎಂದೇ ಅಂದಿದ್ದ.

“ವೇಟ್, ಹಿಸ್ ನೇಮ್ ಈಸ್ ಲೂ?” ಸೋಫಾದ ಮೇಲಿಂದ ಹಿರಿ ಮಗಳು ಮಾನ್ಯ ಕೂಗಿದಳು. “ಲೈಕ್, ಟಾಯ್ಲೆಟ್?”

“ಏನಂತಾಳೆ ಕೂಸು?” ಎಂದು ಕೇಳಿದರು ವಾಸುದೇವ್.

“ಲೂ ಅಂದ್ರೆ ಇಲ್ಲಿ ಕಕ್ಕಸು ಮಾವ,” ಎಂದಳು ಕಾತ್ಯಾಯಿನಿ, ಎಲ್ಲರಿಗೂ ಕೇಳುವ ಹಾಗೆ.

ವಾಸುದೇವ್ ಒಂದು ಕ್ಷಣ ಮಾತ್ರ ತಡವರಿಸಿದರು. “ಅದು ಇಂಗ್ಲಿಷಿನವರ ಹೊಟ್ಟೆಕಿಚ್ಚು ಕಣಮ್ಮ. ಫ್ರೆಂಚರ ದೊರೆಗಳ ಹೆಸರನ್ನ ತಗೊಂಡು ಹೋಗಿ ಬೇಕಂತಲೇ ಅಲ್ಲಿಗಿಟ್ಟರು.” ಇದನ್ನು ಅವರು ಆ ಗಳಿಗೆಯಲ್ಲೇ ಹೊಸೆದಿದ್ದರು. ಆದರೆ ಮೈಸೂರಿನ ಹೈಸ್ಕೂಲೊಂದರಲ್ಲಿ ನಿವೃತ್ತಿಯವರೆಗೂ ಇತಿಹಾಸ ಪಾಠ ಮಾಡಿದವರು, ಅವರ ಬಾಯಿಂದ ಹೊರಟದ್ದೆಲ್ಲ ಇತಿಹಾಸದ ಹಾಗೇ ಕೇಳಿಸುತ್ತಿತ್ತು.

ಎಲ್ಲ ಶುರುವಾದದ್ದು ಬಾಲು ಅಂಕಲ್‌ರಿಂದ. ಬಾಲು ವಾರವಿಡೀ ನೆಟ್‌ವರ್ಕ್ ಎಂಜಿನಿಯರು, ಶನಿವಾರ ಭಾನುವಾರ ಪುರೋಹಿತರು. ಸಂಕಲ್ಪದಲ್ಲಿ ಭರತಖಂಡವನ್ನು ಬಿಟ್ಟು, ಈ ದೇಶಕ್ಕೆ ಮೂಲನಿವಾಸಿಗಳಿಟ್ಟ ಹೆಸರನ್ನು ಸಂಸ್ಕೃತಕ್ಕೆ ತಿರುಗಿಸಿ ‘ದೀರ್ಘಶ್ವೇತಮೇಘ ದ್ವೀಪೇ, ಹಟ್ ನದೀ ತೀರೇ’ ಎಂದು ಸೇರಿಸಿದವರು ತಾವೇ ಮೊದಲು ಎಂಬ ಹೆಮ್ಮೆ ಅವರಿಗೆ. ಅವರು ಫೋನಿನ ಆ್ಯಪ್‌ನಲ್ಲಿ ಜಾತಕ ತೆಗೆದು, ಭರಣಿ ನಕ್ಷತ್ರ, ಎರಡನೇ ಪಾದ, ಹೆಸರು ‘ಲೂ’ ಅಕ್ಷರದಿಂದ ಶುರುವಾಗಬೇಕು ಎಂದು ಹೇಳಿ ಕಾಫಿ ಕುಡಿದು ಹೋಗಿದ್ದರು.

ಮನೆಯವರು ನಿಘಂಟು ಬಿಚ್ಚಿದರು. ಲೂ ಕೆಳಗೆ ಸಿಕ್ಕಿದ್ದು ಲೂಟಿ. ಶ್ರೀಕರನಿಗೆ ಲೂನಾ ನೆನಪಾಯಿತು. ಅದು ಅವನ ಅಪ್ಪ ಶಾಲೆಗೆ ಓಡಿಸುತ್ತಿದ್ದ ಗಾಡಿ. “ಆ ಅಕ್ಷರದ್ದು ಕಿವಿಯಲ್ಲಿ ಹೇಳಿಬಿಡಿ, ಕರೆಯೋಕೆ ಬೇರೆ ಹೆಸರು ಇಟ್ಕೊಳಿ, ಎಲ್ಲರೂ ಹಾಗೇ ಮಾಡ್ತಾರೆ,” ಎಂದು ಬಾಲುವೇ ಫೋನಿನಲ್ಲಿ ದಾರಿ ತೋರಿಸಿದ್ದರು. ವಾಸುದೇವ್ ಒಪ್ಪಲಿಲ್ಲ. “ಇವನಿಗೆ ‘ಟೋ’ ಬಂದಿತ್ತು. ಟೋ ಅಂತ ಏನಿಡೋದು ಅಂತ ಶ್ರೀಕರ ಅಂತಿಟ್ವಿ. ಏನಾಯ್ತು? ಎರಡು ಸಲ ಕೆಲಸದಿಂದ ತೆಗೆದ್ರು.”

ಮಾರನೆಯ ಬೆಳಗ್ಗೆ ಅವರು ಹಲ್ಲುಜ್ಜುವ ಬ್ರಷ್ಷು ಕೈಯಲ್ಲೇ ಹಿಡಿದು ಹೊರಗೆ ಬಂದರು. ಮುಖದಲ್ಲಿ ಯುರೇನಿಯಂ ಗಣಿ ಸಿಕ್ಕವರ ಕಳೆ. “ಲೂಯಿ!” ಎಂದರು. ನೊರೆ ಶ್ರೀಕರನ ಲ್ಯಾಪ್‌ಟಾಪಿನ ಮೇಲೆ ಬಿತ್ತು.

ಈಗ ಹಾಲ್‌ನ ಗೋಡೆಯ ತುಂಬ ಲೂಯಿಗಳಿದ್ದರು. ಲೈಬ್ರರಿಯಲ್ಲಿ ಬಣ್ಣದ ಪ್ರಿಂಟ್ ತೆಗೆಸಿ, ಪ್ಲಾಸ್ಟಿಕ್ ಮಾವಿನ ತೋರಣದ ಕೆಳಗೆ ಸಾಲಾಗಿ ಅಂಟಿಸಿದ್ದರು. ಬಂದವರಿಗೆಲ್ಲ, ಕೈಯಲ್ಲಿ ಕೋಸಂಬರಿ ತಟ್ಟೆ ಹಿಡಿದವರಿಗೂ, ಪರಿಚಯ ಆಗಿತ್ತು. ಹುಚ್ಚುನಾಯಿ ಕಚ್ಚಿದವರನ್ನು ಬದುಕಿಸಿದ ಲೂಯಿ ಪಾಶ್ಚರ್. ಕುರುಡರ ಬೆರಳಿಗೆ ಅಕ್ಷರ ಕೊಟ್ಟ ಲೂಯಿ ಬ್ರೈಲ್. ಫೋಟೋ ತೆಗೆಯುವುದನ್ನು ಜಗತ್ತಿಗೆ ತೋರಿಸಿದ ಲೂಯಿ ಡಾಗೇರ್. ಫ್ರಾನ್ಸ್ ಇಂಗ್ಲೆಂಡ್ ನಡುವಿನ ಕಡಲುಗಾಲುವೆಯ ಮೇಲೆ ವಿಮಾನ ಹಾರಿಸಿದ ಲೂಯಿ ಬ್ಲೇರಿಯೋ. “ನಮ್ಮ ಕಾಂಪೌಂಡಿನ ಕಾಗದದ ಹೂವು ಇದೆಯಲ್ಲ, ಬೋಗನ್‌ವಿಲ್ಲಾ, ಅದರ ಹೆಸರೂ ಒಬ್ಬ ಲೂಯಿಯದೇ. ಹಡಗು ಹತ್ತಿ ಈ ಪೆಸಿಫಿಕ್ಕಿಗೇ ಬಂದಿದ್ದ ಪುಣ್ಯಾತ್ಮ!” ಕೊನೆಯಲ್ಲಿ ಫ್ರಾನ್ಸಿನ ಲೂಯಿ ದೊರೆಗಳು. ವಿಗ್ಗು ಹಾಕಿ, ಎತ್ತರದ ಹಿಮ್ಮಡಿಯ ಚಪ್ಪಲಿ ಮೆಟ್ಟಿ ನಿಂತ ಹದಿನಾಲ್ಕನೆಯವನು ಸರಿಯಾಗಿ ದೇವರ ಮಂಟಪದ ಪಕ್ಕದಲ್ಲಿದ್ದ. ಮಂಗಳಾರತಿ ಎತ್ತಿದಾಗ ಕೆಲವರು ಅವನಿಗೂ ಕೈಮುಗಿದಿದ್ದರು.

“ಹದಿನಾರನೆಯವನ ತಲೆ ಹಾರಿಸಿದ್ರಲ್ವಾ ಅಪ್ಪ?” ಎಂದಳು ಶ್ರೀಕರನ ತಂಗಿ ಶ್ರೀವಿದ್ಯಾ. ಆಕ್ಲೆಂಡಿನ ಆಲ್ಬನಿಯಿಂದ ಬೆಳಗಿನ ವಿಮಾನ ಹಿಡಿದು ಬಂದಿದ್ದಳು. ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಕೆಲಸ.

“ಒಬ್ಬನ ತಲೆ ಹೋಯ್ತು, ಹದಿನೇಳನೆಯವನು ಗದ್ದುಗೆ ಹತ್ತಲೇ ಇಲ್ಲ. ಆದರೆ ಹದಿನೆಂಟರವರೆಗೆ ಎಣಿಕೆ ನಿಲ್ಲಲಿಲ್ಲ, ನೋಡು! ನಮ್ಮವನು ಹತ್ತೊಂಬತ್ತನೆಯವನು.”

“ಅಪ್ಪ, ಜನ ಇವನನ್ನ ಕ್ರಿಶ್ಚಿಯನ್ ಅಂದ್ಕೊತಾರೆ.”

“ಬೇಕಾದ್ರೆ ಲೂಯೀಶ್ವರ ಅಂತ ಮಾಡೋಣ. ಶಾಸ್ತ್ರಿಗಳೇ, ಸಂಧಿ ಸರಿ ಇದೆ ತಾನೇ?”

“ಸವರ್ಣದೀರ್ಘ. ಪರ್ಫೆಕ್ಟ್,” ಎಂದರು ಬಾಲು.

ಕಾತ್ಯಾಯಿನಿ ಮಗುವಿನ ಮುಖ ನೋಡಿದಳು. ಲೂಯೀಶ್ವರ ಹಾಯಾಗಿ ನಿದ್ದೆ ಮಾಡುತ್ತಿದ್ದ. ಐದು ವರ್ಷಕ್ಕೆ ಶಾಲೆಗೆ ಹೋಗುತ್ತಾನೆ. ಹಾಜರಿ ಕರೆಯುವಾಗ ಟೀಚರು ಲೂ ಎಂದೊಡನೆ ಇಡೀ ಕ್ಲಾಸು ನಗುತ್ತದೆ. ಆಮೇಲೆ ದೊಡ್ಡವನಾಗುತ್ತಾನೆ, ಆಫೀಸಿನಲ್ಲೂ ನಗುತ್ತಾರೆ, ಆದರೆ ಒಳಗೊಳಗೇ. ಬ್ರೈಲನ ಕಥೆ ಹೇಳಲು ಪ್ರತಿ ಸಲ ಪಕ್ಕದಲ್ಲಿ ತಾತ ಇರುವುದಿಲ್ಲ.

“ಬಾಲು ಅಂಕಲ್, ಆ ಜಾತಕ ಇನ್ನೊಂದ್ಸಲ ತೋರಿಸ್ತೀರಾ?”

ಅವಳ ಕೆಲಸ ಸಾಫ್ಟ್‌ವೇರಿನ ತಪ್ಪು ಹುಡುಕುವುದು. ಬಾಲು ಧಾರಾಳವಾಗಿ ಫೋನ್ ಕೊಟ್ಟರು. ಗ್ರಹಗಳನ್ನು ಅವಳು ಮುಟ್ಟಲಿಲ್ಲ, ನೇರವಾಗಿ ಸೆಟ್ಟಿಂಗ್ಸಿಗೆ ಹೋದಳು.

“ಇಲ್ಲಿ ಟೈಮ್ ಝೋನ್ ಪ್ಲಸ್ ಹನ್ನೆರಡು ಗಂಟೆ ಅಂತಿದೆ. ಮಗು ಹುಟ್ಟಿದ್ದು ಡಿಸೆಂಬರಿನಲ್ಲಿ.”

“ನ್ಯೂಜಿಲೆಂಡ್ ಹನ್ನೆರಡೇ ಅಲ್ವೇನಮ್ಮ?”

“ಚಳಿಗಾಲಕ್ಕೆ. ಡಿಸೆಂಬರ್ ಇಲ್ಲಿ ಬೇಸಿಗೆ. ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ ಇಡ್ತೀವಲ್ಲ? ಹದಿಮೂರು ಆಗ್ಬೇಕು. ಡೇಲೈಟ್ ಸೇವಿಂಗ್ ಕಳೆದೇ ಇಲ್ಲ ನೀವು.”

ಬಾಲು ಫೋನು ಕಿತ್ತುಕೊಂಡಂತೆ ಇಸಿದುಕೊಂಡರು. ಒಂದು ಪುಟ್ಟ ಚೌಕದಲ್ಲಿ ಟಿಕ್ ಹಾಕಿದರು. ಚಂದ್ರ ಒಂದು ಗಂಟೆ ಹಿಂದೆ ಸರಿದ. ಅವರ ಹಣೆಯ ಗಂಧ ಬೆವರಿಗೆ ಕರಗತೊಡಗಿತು. ಈ ಊರಿನಲ್ಲಿ ಬೇಸಿಗೆಯಲ್ಲಿ ಹುಟ್ಟಿದ ಎಷ್ಟು ಮಕ್ಕಳಿಗೆ ತಾನು ಹೆಸರು ಕೊಟ್ಟಿದ್ದೇನೆ ಎಂದು ಯೋಚಿಸುತ್ತಿದ್ದಿರಬೇಕು.

“ಮೊದಲನೇ ಪಾದ,” ಎಂದರು ಮೆಲ್ಲಗೆ. “ಲೂ ಅಲ್ಲ. ಲೀ.”

ವಾಸುದೇವ್ ಹತ್ತಿರದ ಕುರ್ಚಿಯಲ್ಲಿ ಕುಸಿದು ಗೋಡೆಯತ್ತ ನೋಡಿದರು. ಅಲ್ಲಿ ಸಾಲು ದೊರೆಗಳು, ಒಬ್ಬ ವಿಜ್ಞಾನಿ, ಒಬ್ಬ ವೈಮಾನಿಕ, ಎಲ್ಲರೂ ಒಂದೇ ಏಟಿಗೆ ಅಧಿಕಾರ ಕಳೆದುಕೊಂಡಿದ್ದರು. ಕಾತ್ಯಾಯಿನಿಗೆ ಪಾಪ ಅನ್ನಿಸಿತು. ಆದರೂ ಎದೆಯಿಂದ ಏನೋ ಇಳಿದ ಹಾಗಾಯಿತು.

“ಲೀಲಾಧರ ಅಂತಿಡಬಹುದು,” ಎಂದರು ಬಾಲು, ತಪ್ಪಿಗೆ ದಂಡ ಕಟ್ಟುವವರ ಅವಸರದಲ್ಲಿ. “ಎಷ್ಟು ಮುದ್ದಾದ ಹೆಸರು!”

“ಅತ್ತಿಗೆಗೆ ಕೇದಾರ ಅಂತ ಆಸೆ,” ಎಂದಳು ಶ್ರೀವಿದ್ಯಾ. “ನನ್ನ ಹತ್ರ ಎಷ್ಟು ಸಲ ಹೇಳಿದ್ದಾರೆ. ಅಣ್ಣ, ನಿನಗೂ ಗೊತ್ತಲ್ವೇನೋ?”

ಶ್ರೀಕರ್ ಅಕ್ಕಿಯನ್ನು ಸಮ ಮಾಡುವುದರಲ್ಲಿ ಮುಳುಗಿದ.

ವಾಸುದೇವ್ ತಲೆಯೆತ್ತಿದರು. ನಿಧಾನವಾಗಿ ಮುಖಕ್ಕೆ ಕಳೆ ಬಂತು. “ಹೌದೇನಮ್ಮಾ? ಮೊದಲೇ ಹೇಳಬಾರದಿತ್ತೇ? ನಾನೇನು ಸರ್ವಾಧಿಕಾರಿಯೇ? ಇಲ್ಲಿಯವರಲ್ಲಿ ಮಿಡಲ್ ನೇಮ್ ಅಂತ ಒಂದಿದೆಯಲ್ಲ, ಅಲ್ಲಿ ಹಾಕೋಣ ನಿನ್ನದನ್ನ. ನಕ್ಷತ್ರಕ್ಕೆ ಲೀಲಾಧರ, ನಿನಗೆ ಕೇದಾರ, ಕೊನೆಗೆ ಇತಿಹಾಸಕ್ಕೆ ಒಂದು. ಲೀಲಾಧರ ಕೇದಾರ ಲೂಯಿ!”

“ಎಲ್ಲರಿಗೂ ಒಂದೊಂದು,” ಎಂದ ಶ್ರೀಕರ್, ಜೀವ ಬಂದವನ ಹಾಗೆ. “ಚೆನ್ನಾಗಿದೆ.”

“ಫ್ರೆಂಚರಿಗೂ ಹೀಗೇ ಉದ್ದುದ್ದ ಹೆಸರು ಇರ್ತಿತ್ತಲ್ಲ,” ಎಂದರು ಬಾಲು. ಬಂದವರಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಅಡುಗೆಮನೆಯಿಂದ ಚಿರೋಟಿ ತಟ್ಟೆಗಳು ಹೊರಟವು.

ವಾಸುದೇವ್ ಎದ್ದು ಬಂದು ಮಗನ ಕೈಯಿಂದ ಉಂಗುರ ತೆಗೆದುಕೊಂಡರು. ಅದನ್ನು ಸೊಸೆಯ ಮುಂದೆ ಹಿಡಿದರು. “ತಗೋ ಕಾತ್ಯಾಯಿನಿ, ನೀನೇ ಬರಿ. ಈ ಮನೆತನದಲ್ಲಿ ಯಾವ ಸೊಸೆಗೂ ಈ ಭಾಗ್ಯ ಸಿಕ್ಕಿಲ್ಲ. ಮಧ್ಯದಲ್ಲಿ ನಿನ್ನದಕ್ಕೆ ಸ್ವಲ್ಪ ಜಾಗ ಬಿಟ್ಕೊಂಡು ಬರಿ.”

ಎಲ್ಲರೂ ಅವಳತ್ತ ನೋಡುತ್ತಿದ್ದರು. ಅವಳು ಮಗುವನ್ನು ತೊಡೆಯಿಂದೆತ್ತಿ ಹೆಗಲಿಗೆ ಹಾಕಿಕೊಂಡಳು.

“ನಾನು ಬರೆಯೋಲ್ಲ ಮಾವ,” ಎಂದಳು.