ಟೀಗೆ ಹೊಗೆಯ ವಾಸನೆ

ಮೂರನೆಯ ಕ್ಯೂಬೂ ಮುನ್ನೂರ ನಲವತ್ತಕ್ಕೇ ಕೈಚೆಲ್ಲಿತು. ಯಂತ್ರದ ಮುಳ್ಳು ಒಮ್ಮೆ ನಡುಗಿ, ಹಿಂದಿನಿಂದ ಯಾರೋ ಕರೆದಂತೆ ಸರ್ರನೆ ಹೊರಳಿ ಸೊನ್ನೆಗೆ ಬಂತು. ಎರಡು ಉಕ್ಕಿನ ಹಲಗೆಗಳ ನಡುವೆ ಸಿಕ್ಕಿದ್ದ ಕಾಂಕ್ರೀಟಿನ ಚೌಕ ತುಂಡು ಚಟ್ಟೆಂದು ಸೀಳಿ, ಪಕ್ಕದ ಚಕ್ಕೆಗಳು ತಟ್ಟೆಗೆ ಉದುರಿದವು.

"ಐನೂರ ಅರವತ್ತು ಕಿಲೋನ್ಯೂಟನ್ ಭಾರ ದಾಟಬೇಕಿತ್ತು," ಎಂದರು ಇಂಜಿನಿಯರ್. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಮುಳ್ಳನ್ನೇ ನೋಡಿದರು. ಮುಳ್ಳು ಸೊನ್ನೆಯಲ್ಲೇ ಇತ್ತು.

ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದ. ಚಪ್ಪಲಿಯ ತುಂಬ ಸಿಮೆಂಟಿನ ಧೂಳು ಎಂದು ಅವನು ಯಾವತ್ತೂ ಲ್ಯಾಬಿನ ಒಳಗೆ ಬರುತ್ತಿರಲಿಲ್ಲ. "ಇನ್ನೊಂದ್ಸಲ ನೋಡಿ ಸಾರ್," ಎಂದ.

"ಒಡೆದುಹೋಗಿದ್ದನ್ನ ಇನ್ನೊಂದ್ಸಲ ಹೇಗ್ರೀ ಒಡೀಲಿ? ಮೂರಕ್ಕೆ ಮೂರೂ ಫೇಲು."

"ನನ್ನ ಕೈಯಾರೆ ಕಲಸಿದ್ದು ಸಾರ್ ಅದು."

"ಗೊತ್ತು ಮೇಸ್ತ್ರಿ. ಆದ್ರೆ ಮಕ್ಕಳು ಓಡಾಡೋ ಮೆಟ್ಟಿಲು. ನಾಳೆ ಏನಾದ್ರೂ ಆದ್ರೆ, ಮೇಸ್ತ್ರಿ ಕೈ ಚೆನ್ನಾಗಿತ್ತು ಅಂತ ಹೇಳ್ಕೊಂಡು ನಿಂತ್ಕೊಳೋಕಾಗತ್ತಾ? ನಾಳೆ ಬೆಳಗ್ಗೆ ಬ್ರೇಕರ್ ಬರತ್ತೆ. ಒಡೆದು ಹೊಸದು ಹಾಕೋಣ." ಅಷ್ಟು ಹೇಳಿ ಇಂಜಿನಿಯರ್, ಸಿಟ್ಟಿಗಿಂತ ಹೆಚ್ಚು ಬೇಸರದಲ್ಲಿ, ಮೇಸ್ತ್ರಿಯ ಭುಜ ತಟ್ಟಿ ಹೊರಟುಹೋದರು.

ಯಂತ್ರದ ಪಕ್ಕ ನಿಂತಿದ್ದ ಹುಡುಗಿಗೆ ಏನೋ ಹೇಳಬೇಕೆನಿಸಿತ್ತು. ಬಾಯಿ ತೆರೆಯುವಷ್ಟರಲ್ಲಿ ಇಂಜಿನಿಯರ್ ಅಂಗಳ ದಾಟಿದ್ದರು. ಅವಳ ಮಾತು ಯಾವಾಗಲೂ ಹೀಗೆಯೇ, ಬಸ್ಸು ಹೋದ ಮೇಲೆ ಸ್ಟಾಪಿಗೆ ಬರುತ್ತಿತ್ತು. ಬಂದರೂ ಎದುರಿನವರು ಕಿವಿ ಹತ್ತಿರ ತರಬೇಕಾಗುತ್ತಿತ್ತು. ಸೈಟಿನಲ್ಲಿ ಅವಳಿಗೆ 'ಪಿಸುಮಾತು' ಎಂದು ಹೆಸರು ಬಿದ್ದು ಆರು ತಿಂಗಳಾಗಿತ್ತು. ಲ್ಯಾಬಿನ ಹಿರಿಯರು ಮಂಡಿಯ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿ ಕಾಲು ಚಾಚಿ ಮಲಗಿದ್ದರಿಂದ ಈಗ ಲ್ಯಾಬೆಂದರೆ ಅವಳೊಬ್ಬಳೇ.

"ಮೇಸ್ತ್ರಿ..." ಎಂದಳು.

"ನಿಂದೇನು ತಪ್ಪಿದೆ ಮಗಳೇ," ಎಂದ ಮೇಸ್ತ್ರಿ. "ತಕ್ಕಡಿ ಮೇಲೆ ಕೋಪ ಮಾಡ್ಕೊಂಡ್ರೆ ತೂಕ ಬದಲಾಗತ್ತಾ?" ನಗಲು ನೋಡಿದ. ಅರ್ಧಕ್ಕೇ ಬಿಟ್ಟು, ಮೆಟ್ಟಿಲಿನ ಕಡೆ ಹೋದ.

ಅದು ಗ್ರಂಥಾಲಯದ ಮೆಟ್ಟಿಲು. ನೆಲದಿಂದ ಮೇಲಿನ ಓದುವ ಕೋಣೆಗೆ ಅರ್ಧ ಸುತ್ತು ಹಾಕಿ ಏರುವಂಥದ್ದು. ಕೆಳಗೆ ಒಂದು ಕಂಬವೂ ಇಲ್ಲ. ಗಾರೆ ಬಳಿಯುವ ಹಾಗಿಲ್ಲ, ಬಣ್ಣ ಹಚ್ಚುವ ಹಾಗಿಲ್ಲ. ಅಚ್ಚಿನಿಂದ ಹೇಗೆ ಬಂತೋ ಹಾಗೇ ಬೆತ್ತಲೆ ಇರಬೇಕು ಎಂದು ನಕ್ಷೆಯಲ್ಲಿತ್ತು. ಮೂವತ್ತು ವರ್ಷ ಮೇಸ್ತ್ರಿ ಕಟ್ಟಿದ್ದೆಲ್ಲ ಮಣ್ಣೊಳಗೆ ಹೋಗುವಂಥದ್ದು, ಇಲ್ಲವೇ ಗಾರೆಯ ಹಿಂದೆ ಅಡಗುವಂಥದ್ದು. ಪಾಯ, ನೀರಿನ ಸಂಪು, ಚರಂಡಿಯ ಗೋಡೆ. ಅವನ ಕೈಕೆಲಸ ಕಣ್ಣಿಗೆ ಕಾಣುವಂತೆ ಉಳಿಯುತ್ತಿದ್ದುದು ಇದೇ ಮೊದಲು. ಸೆಂಟ್ರಿಂಗಿನ ಒಂದೊಂದು ಹಲಗೆಗೂ ತಾನೇ ಎಣ್ಣೆ ಸವರಿದ್ದ. ಹಲಗೆ ಬಿಚ್ಚಿದ ದಿನ ಮೆಟ್ಟಿಲಿನ ಹೊಟ್ಟೆಯನ್ನು, ಕರುವಿನ ಮೈ ಸವರುವ ಹಾಗೆ, ಅಂಗೈಯಲ್ಲಿ ಸವರಿ ನೋಡಿದ್ದ.

ಹುಡುಗಿ ಬಾಗಿಲು ಮುಂದೆ ಮಾಡಿ ಚಕ್ಕೆಗಳನ್ನು ಮೇಜಿನ ಮೇಲೆ ಹರಡಿದಳು. ಮೆಟ್ಟಿಲಿಗೆ ಕಾಂಕ್ರೀಟು ಹಾಕಿದ ದಿನ ಅದೇ ಕಲಸಿನಿಂದ ಆರು ಕ್ಯೂಬು ತುಂಬಿದ್ದರು. ಮೂರನ್ನು ಏಳನೆಯ ದಿನ ಒಡೆದದ್ದಾಗಿತ್ತು. ಉಳಿದ ಮೂರು ನೀರಿನ ತೊಟ್ಟಿಯಲ್ಲಿ ಇಪ್ಪತ್ತೆಂಟು ದಿನ ಮಲಗಿ ಇವತ್ತು ಎದ್ದಿದ್ದವು. ರಿಜಿಸ್ಟರು ತೆಗೆದು ನೋಡಿದಳು. ಏಳನೆಯ ದಿನ: ನಾನೂರ ಹತ್ತು, ನಾನೂರ ಇಪ್ಪತ್ತು, ನಾನೂರ ಐದು.

ಅವಳು ಬೆರಳನ್ನು ಆ ಸಾಲಿನ ಮೇಲೇ ಇಟ್ಟುಕೊಂಡು ಕೂತಳು. ಏಳು ದಿನದ ಕೂಸು ನಾನೂರು ಹೊತ್ತಿತ್ತು. ಇಪ್ಪತ್ತೆಂಟು ದಿನದ ಅದರ ಅಣ್ಣ ಮುನ್ನೂರ ನಲವತ್ತಕ್ಕೇ ಕೂತುಬಿಟ್ಟ. ಕಾಂಕ್ರೀಟು ದಿನ ಕಳೆದಂತೆ ಗಟ್ಟಿಯಾಗುವ ಪ್ರಾಣಿ. ತಾನಾಗಿ ಹಿಂದಕ್ಕೆ ಬೆಳೆಯುವುದಿಲ್ಲ. ಇದಕ್ಕೆ ಯಾರೋ ಏನೋ ಮಾಡಿದ್ದಾರೆ.

ಒಂದು ಚಕ್ಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಂದು ಬದಿಯಲ್ಲಿ ಮಾತ್ರ, ಬೂದುಬಣ್ಣದ ಒಳಗೆ, ನಾಚಿಕೊಂಡ ಕೆನ್ನೆಯಂಥ ನಸುಗುಲಾಬಿ. ಆ ಬದಿಯಲ್ಲಿ ಕೂದಲೆಳೆಯ ಬಿರುಕುಗಳ ಜಾಲ. ಎರಡನೆಯದರಲ್ಲೂ ಹಾಗೆಯೇ. ಮೂರನೆಯದರಲ್ಲೂ. ಬೆಂಕಿ ತಗುಲಿದ ಕಾಂಕ್ರೀಟು ಹೀಗೆ ಗುಲಾಬಿಯಾಗುತ್ತದೆ ಎಂದು ಪುಸ್ತಕದಲ್ಲಿ ಓದಿದ್ದಳು. ಆದರೆ ನೀರಿನ ತೊಟ್ಟಿಯೊಳಗೆ ಬೆಂಕಿ ಎಲ್ಲಿಂದ?

ರಿಜಿಸ್ಟರಿನ ಕೊನೆಯ ಕಾಲಮ್ಮು ಷರಾ. ಅಲ್ಲಿ ಅವಳು ಬರೆಯುವುದನ್ನು ನೋಡಿ ಲ್ಯಾಬಿನ ಹಿರಿಯರು ಬೈಯುತ್ತಿದ್ದರು. "ಷರಾ ಅಂದ್ರೆ ಎರಡು ಪದ ಕಣಮ್ಮ. ನೀನು ಕಾದಂಬರಿ ಬರೀತಾ ಇದ್ದೀಯ." ಅವಳು ತಲೆಯಾಡಿಸಿ, ಇನ್ನೂ ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದಳು. ಯಾರಿಗೂ ಹೇಳಲಾಗದ್ದು ಆ ಕಾಲಮ್ಮಿಗೆ ಹೋಗುತ್ತಿತ್ತು. ಈಗ ಅದನ್ನು ಮೇಲಿನಿಂದ ಓದುತ್ತ ಬಂದಳು. 'ಮೇಸ್ತ್ರಿ ಕ್ಯೂಬಿನ ಮೋಲ್ಡಿಗೂ ಮೆಟ್ಟಿಲಿಗೆ ಸವರಿದ ಎಣ್ಣೆಯನ್ನೇ ಸವರಿದರು.' 'ಮೋಡ. ತೊಟ್ಟಿಯ ನೀರು ಬದಲಾಯಿಸಿದೆ.' 'ಮೈನಾ ಒಂದು ಯಂತ್ರದ ಮೇಲೆ ಕೂತು ಹೋಯಿತು.' ಇಪ್ಪತ್ತೆರಡನೆಯ ದಿನದ ಎದುರು ಇಷ್ಟೇ ಇತ್ತು: 'ಇವತ್ತು ಟೀಗೆ ಹೊಗೆಯ ವಾಸನೆ. ಚೆನ್ನಾಗಿತ್ತು.'

ಇಪ್ಪತ್ಮೂರು: 'ಇವತ್ತೂ.' ಇಪ್ಪತ್ನಾಲ್ಕು: 'ಇವತ್ತೂ.' ಇಪ್ಪತ್ತೈದರಲ್ಲಿ ಟೀಯ ಸುದ್ದಿ ಇರಲಿಲ್ಲ.

ಟೀ ಶೆಡ್ಡು ತೊಟ್ಟಿಯಿಂದ ಹತ್ತು ಹೆಜ್ಜೆ. ಅಲ್ಲಿ ಕೆಟಲ್ಲಿನ ಮುಂದೆ ಕೂತಿದ್ದವಳು ಮೇಸ್ತ್ರಿಯ ಹೆಂಡತಿ, ಸೈಟಿಗೆಲ್ಲ ಅತ್ತಿಗೆ.

"ಬಾ ಪುಟ್ಟಿ. ಮುಖ ಯಾಕೆ ಹಂಗಿದೆ? ನಿಮ್ಮ ಮೇಸ್ತ್ರೀನೂ ಈಗ್ತಾನೆ ಹಂಗೇ ಹೋದ್ರು. ಟೀ ಬೇಡ ಅಂದ್ರು! ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಟೀ ಬೇಡ ಅಂದಿದ್ದು ಇದೇ ಮೊದಲು."

"ಅತ್ತಿಗೆ, ಹೋದ ವಾರ ಟೀಗೆ ಹೊಗೆ ವಾಸನೆ ಇತ್ತಲ್ಲ?"

"ಏನು? ಜೋರಾಗಿ ಹೇಳು, ಇಲ್ಲ ಕಿವಿಯೊಳಗೇ ಬಂದು ಕೂತ್ಕೋ."

ಅವಳು ಮತ್ತೊಮ್ಮೆ ಕೇಳಿದಳು.

"ಅಯ್ಯೋ, ಅದಾ! ಗ್ಯಾಸು ಮುಗಿದಿತ್ತು ಕಣೇ. ಮೂರು ದಿನ ಸಿಲಿಂಡರ್ ಬರ್ಲಿಲ್ಲ. ನಲವತ್ತು ಜನಕ್ಕೆ ಟೀ ಬೇಡ್ವಾ? ಸೌದೆ ಒಲೆ ಹೂಡಿದೆ."

"ಒಲೆಗೆ ಕಲ್ಲು?"

"ಕಲ್ಲು ಎಲ್ಲಿ ಸಮ ಇರತ್ತೆ? ಇಟ್ಟಿಗೆ ಇಟ್ರೆ ಕೆಟಲ್ ಆ ಕಡೆ ವಾಲತ್ತೆ. ಅದಕ್ಕೇ ನಿನ್ನ ತೊಟ್ಟೀಲಿ ಇದ್ವಲ್ಲ, ಚೌಕಟ್ಟಾಗಿ, ಮೂರು ತಗೊಂಡೆ." ಅತ್ತಿಗೆಯ ಮುಖ ಅರಳಿತು. "ಇಪ್ಪತ್ತು ಬಿದ್ದಿದ್ವು ಅಲ್ಲಿ. ಒಂದೊಂದೂ ಎತ್ತಿ ನೋಡಿದೆ. ಬೇರೆಯವರು ಮಾಡಿದ್ದು ಮೂಲೆ ಮುರಿದು, ಮುಖ ಸೊಟ್ಟಗಾಗಿ. ಇವರು ಮಾಡಿದ್ದು ಮಾತ್ರ ಕನ್ನಡಿ. ಕೈಗೆ ಸಿಕ್ಕಿದ ತಕ್ಷಣ ಗೊತ್ತಾಯ್ತು, ನಮ್ಮನೆಯವರದ್ದೇ ಅಂತ. ಕೆಟಲ್ ಒಂದಿಷ್ಟೂ ಅಲ್ಲಾಡ್ಲಿಲ್ಲ ನೋಡು!"

ಹುಡುಗಿ ಬೆಂಚಿನ ಮೇಲೆ ಕೂತುಬಿಟ್ಟಳು.

"ಕದ್ದಿಲ್ಲಮ್ಮ. ಸಿಲಿಂಡರ್ ಬಂದ ತಕ್ಷಣ ವಾಪಸ್ ನೀರಿಗೆ ಹಾಕ್ದೆ. ಚುಂಯ್ ಅಂತು. ಬರೀ ಹಾಕ್ಲಿಲ್ಲ, ಮಸಿಯೆಲ್ಲ ನಾರಲ್ಲಿ ಉಜ್ಜಿ ತೊಳೆದು ಹಾಕ್ದೆ. ನಾನು ಅಷ್ಟು ಗಲೀಜು ಹೆಂಗಸಲ್ಲ."

ಹುಡುಗಿ ಹೇಳಿದಳು. ಕ್ಯೂಬು ಅಂದರೇನು, ಅದನ್ನು ಯಾಕೆ ಒಡೆಯುತ್ತಾರೆ, ಬೆಳಗ್ಗೆ ಬ್ರೇಕರ್ ಯಾಕೆ ಬರುತ್ತದೆ. ಅವಳು ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದು ಅವಳಿಗೇ ಗೊತ್ತಾಗಲಿಲ್ಲ. ಅತ್ತಿಗೆಯ ಕೈ ನಿಧಾನವಾಗಿ ಬಾಯಿಗೆ ಹೋಯಿತು. ಕೆಟಲ್ಲು ಉಕ್ಕಿ ಒಲೆಯ ಮೇಲೆ ಚೆಲ್ಲಿದರೂ ಎದ್ದು ನೋಡಲಿಲ್ಲ.

"ಪುಟ್ಟಿ," ಎಂದಳು ಕೊನೆಗೆ. ಈಗ ಪಿಸುಗುಟ್ಟುವ ಸರದಿ ಅವಳದ್ದು. "ಇವರಿಗೆ ಮಾತ್ರ ಹೇಳ್ಬೇಡ್ವೇ."

ಬೆಳಗ್ಗೆ ಎಂಟಕ್ಕೆ ಬ್ರೇಕರಿನ ಕಂಪ್ರೆಸರ್ ಹೊಟ್ಟೆಕಿಚ್ಚಿನವರ ಹಾಗೆ ಬಡಬಡಿಸುತ್ತಿತ್ತು. ಯಂತ್ರ ಹಿಡಿದವನು ಮೊದಲ ಮೆಟ್ಟಿಲ ಮೇಲೆ ಉಳಿ ಇಟ್ಟು ಇಂಜಿನಿಯರ್ ಮುಖ ನೋಡಿದ. ಮೇಸ್ತ್ರಿ ಗೋಡೆಗೆ ಮುಖ ಮಾಡಿ, ಒಂದು ರಸಮಟ್ಟವನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದ.

ಹುಡುಗಿ "ಸಾರ್" ಎಂದಳು. ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಎಂದಳು. ಕಂಪ್ರೆಸರಿನ ಸದ್ದು ಅದನ್ನೂ ನುಂಗಿತು. ಇಂಜಿನಿಯರ್ ಕೈ ಎತ್ತಿದರು.

"ನಿಲ್ಸೀ!"

ಎಲ್ಲಿಂದ ಬಂತೋ ಆ ಕೂಗು, ಖಾಲಿ ಹಜಾರದ ಗೋಡೆಗಳಿಗೆ ಬಡಿದು ಎರಡು ಸಲ ಕೇಳಿಸಿತು. ಯಂತ್ರದವನು ಉಳಿ ಎತ್ತಿದ. ಯಾರೋ ಕಂಪ್ರೆಸರ್ ಆರಿಸಿದರು. ಇಡೀ ಸೈಟು ತಿರುಗಿ ನೋಡಿತು, ಯಾರದಪ್ಪ ಈ ಗಂಟಲು ಎಂದು.

"ಕ್ಯೂಬು ಬೆಂಕಿಗೆ ಬಿದ್ದಿತ್ತು ಸಾರ್." ಗಂಟಲು ಆಗಲೇ ವಾಪಸು ಹೊರಟಿತ್ತು. ಇಂಜಿನಿಯರ್ ಅಭ್ಯಾಸದಂತೆ ಕಿವಿ ಹತ್ತಿರ ತಂದರು. ಅವಳು ಗುಲಾಬಿ ಚಕ್ಕೆಯನ್ನು ಅವರ ಅಂಗೈಗಿಟ್ಟಳು, ರಿಜಿಸ್ಟರು ತೋರಿಸಿದಳು. "ತೊಟ್ಟಿಗೆ ಬೀಗ ಹಾಕ್ದೇ ಇದ್ದಿದ್ದು ನಾನು. ತಪ್ಪು ನಂದು. ಮೆಟ್ಟಿಲಿಂದೇ ಕೋರ್ ತೆಗೆದು ನೋಡೋಣ ಸಾರ್."

"ಬೆಂಕಿ ಎಲ್ಲಿಂದ ಬಂತಮ್ಮ ನೀರಿನ ತೊಟ್ಟಿಗೆ?"

ಅವಳು ಷರಾದ ಕಾಲಮ್ಮಿನ ಮೇಲೆ ಅಂಗೈ ಮುಚ್ಚಿದಳು.

"ಅವಳನ್ನ ಯಾಕೆ ಕೇಳ್ತೀರಿ?" ಬಾಗಿಲಲ್ಲಿ ಅತ್ತಿಗೆ, ಕೈಯಲ್ಲಿ ಲೋಟಗಳ ತಟ್ಟೆ ಹಿಡಿದಿದ್ದಳು. "ನಾನೇ ಒಲೆ ಮಾಡಿದ್ದು. ಟೀ ಕುಡಿಯೋವಾಗ ಎಲ್ಲರೂ ಚೆನ್ನಾಗಿದೆ ಚೆನ್ನಾಗಿದೆ ಅಂತ ಎರಡೆರಡು ಲೋಟ ಕುಡಿದ್ರಿ. ನೀವೂ ಕುಡಿದ್ರಿ ಸಾರ್."

ಮೇಸ್ತ್ರಿ ನಿಧಾನವಾಗಿ ತಿರುಗಿದ.

"ಲೇ, ನನ್ನ ಕ್ಯೂಬಿನ ಮೇಲೆ ಟೀ ಕಾಯಿಸಿದ್ಯಾ?"

"ನೀವು ಅಷ್ಟು ಸಮ ಯಾಕೆ ಮಾಡಿದ್ರಿ ಮತ್ತೆ?"

ಮೊದಲು ನಕ್ಕವರು ಇಂಜಿನಿಯರ್. ಆಮೇಲೆ ಬ್ರೇಕರಿನವನು. ಆಮೇಲೆ ಯಾರು ಯಾರೆಂದು ಹೇಳುವ ಹಾಗಿರಲಿಲ್ಲ. ಮೇಸ್ತ್ರಿ ಮಾತ್ರ ನಗಲಿಲ್ಲ. "ಕೋರ್ ಅಂದ್ರೆ ತೂತು ಕೊರೆಯೋದಲ್ವಾ ಮಗಳೇ?" ಎಂದ.

"ಮೂರು ಕಡೆ. ಅಂಗೈ ಅಗಲ. ಕಂಬಿ ತಾಗಬಾರದು. ಕಂಬಿ ಹುಡುಕೋ ಯಂತ್ರ ತರಿಸಬೇಕು."

"ಯಂತ್ರ ಯಾತಕ್ಕೆ?" ಮೇಸ್ತ್ರಿ ಜೇಬಿನಿಂದ ಸೀಮೆಸುಣ್ಣ ತೆಗೆದ. ಮೆಟ್ಟಿಲು ಹತ್ತಿ, ಕಣ್ಣು ಅರೆಮುಚ್ಚಿ, ಗೇಣು ಹಾಕುತ್ತ ಹೋದ. ಇಲ್ಲಿ ಹದಿನಾರರ ಕಂಬಿ, ಇಲ್ಲಿ ಹತ್ತರದ್ದು ಅಡ್ಡ, ಇಲ್ಲಿ ಖಾಲಿ, ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತ ಮೂರು ವೃತ್ತ ಬರೆದ. ಮಧ್ಯಾಹ್ನ ಕೊರೆಯುವ ಯಂತ್ರ ಬಂತು. ಮೂರು ಉರುಳೆಗಳೂ ಕಬ್ಬಿಣದ ಒಂದು ಗೀರೂ ಇಲ್ಲದೆ, ಬಿಸ್ಕತ್ತಿನ ಪೊಟ್ಟಣದ ಹಾಗೆ ಹೊರಗೆ ಜಾರಿದವು.

ಒಡೆಯುವ ಮೊದಲು ಅವು ಎರಡು ದಿನ ನೀರಿನಲ್ಲಿರಬೇಕಿತ್ತು. ಹುಡುಗಿ ತೊಟ್ಟಿಗೆ ಬೀಗ ಹಾಕಿದಳು. ಅದು ಸಾಲದೆಂದು ಅತ್ತಿಗೆ ತೊಟ್ಟಿಯ ಮೇಲೇ ಕೂತು ತರಕಾರಿ ಹೆಚ್ಚಿದಳು. ಹತ್ತಿರ ಸುಳಿದವರನ್ನೆಲ್ಲ "ಏನು ಬೇಕಿತ್ತು?" ಎಂದು ಗದರಿಸಿದಳು. "ಕಾವಲಿಗೆ ಕಳ್ಳೀನೇ ಕೂತಿದ್ದಾಳೆ," ಎಂದು ಕಂಬಿ ಕಟ್ಟುವವರು ಚುಡಾಯಿಸಿದರೆ, "ಹ್ಞೂಂ, ಕಳ್ಳೀಗೇ ಗೊತ್ತಿರೋದು ಯಾವುದು ಒಳ್ಳೇ ಮಾಲು ಅಂತ," ಎಂದಳು. ಆ ಎರಡೂ ದಿನ ಗಂಡ ಅವಳ ಜೊತೆ ಮಾತಾಡಲಿಲ್ಲ. ಟೀ ಮಾತ್ರ ಕುಡಿದ.

ಮೂರನೆಯ ದಿನ ಮೇಸ್ತ್ರಿ ಚಪ್ಪಲಿ ಬಿಟ್ಟು ಲ್ಯಾಬಿನ ಒಳಗೆ ಬಂದ. ಇಂಜಿನಿಯರ್ ಬಂದರು. ಕಿಟಕಿಯಲ್ಲಿ ಎಷ್ಟು ತಲೆ ಹಿಡಿಸುತ್ತದೋ ಅಷ್ಟು ತಲೆ. ಅತ್ತಿಗೆ ಒಳಗೆ ಬರಲೊಲ್ಲದೆ ಬಾಗಿಲಿಗೆ ಬೆನ್ನು ಹಾಕಿ ನಿಂತಳು. "ನನಗೆ ನೋಡೋಕಾಗಲ್ಲ. ಕೂಗಿ ಹೇಳಿ," ಎಂದಳು.

ಹುಡುಗಿ ಉರುಳೆಯ ಎರಡೂ ತುದಿ ಒರೆಸಿ, ಹಲಗೆಯ ನಡುಮಧ್ಯಕ್ಕೆ ಇಟ್ಟು, ಗುಂಡಿ ಒತ್ತಿದಳು. ಮುಳ್ಳು ಎದ್ದಿತು. ಅವಳ ಉಸಿರೂ ಅದರ ಜೊತೆಗೇ ಎದ್ದು ನಿಂತಿತು. ಮೇಸ್ತ್ರಿ ಮುಳ್ಳನ್ನು ನೋಡುತ್ತಿರಲಿಲ್ಲ, ಉರುಳೆಯನ್ನು ನೋಡುತ್ತಿದ್ದ, ಭಾರ ಹೊತ್ತ ಮಗುವನ್ನು ನೋಡುವಂತೆ. ಮುಳ್ಳು ಬೇಕಾದ ಗುರುತು ದಾಟಿತು. ಇನ್ನೂ ಹೋಯಿತು. ಇನ್ನೂ. ಆಮೇಲೆಲ್ಲೋ ಒಂದು ದಪ್ಪ ಸದ್ದಿನೊಂದಿಗೆ ಉರುಳೆ ಬಿರಿಯಿತು.

ಉರುಳೆ ಹೊತ್ತ ಭಾರವನ್ನು ಅದರ ಮುಖದ ವಿಸ್ತೀರ್ಣಕ್ಕೆ ಭಾಗಿಸಿ, ಚದರ ಮಿಲಿಮೀಟರಿಗೆ ಎಷ್ಟೆಂದು ಅವಳು ಕಾಗದದ ಮೇಲೆ ಲೆಕ್ಕ ಹಾಕಿದಳು. ಒಮ್ಮೆ ಹಾಕಿ, ನಂಬಿಕೆಯಾಗದೆ ಇನ್ನೊಮ್ಮೆ ಹಾಕಿದಳು. "ಇಪ್ಪತ್ತೈದು ಬೇಕಿತ್ತು," ಎಂದಳು. "ಇದು ಇಪ್ಪತ್ತೊಂಬತ್ತು."

"ಏನಂತೆ?" ಬಾಗಿಲಿಂದ ಅತ್ತಿಗೆ. "ಪಿಸುಗುಟ್ಟಬೇಡ್ವೇ ಮಹರಾಯ್ತಿ!"

"ಇಪ್ಪತ್ತೊಂಬತ್ತು!" ಎಂದು ಹುಡುಗಿ ಕೂಗಿದಳು. ಅದೇ ವಾರದಲ್ಲಿ ಎರಡನೆಯ ಸಲ.

ಉಳಿದೆರಡು ಇಪ್ಪತ್ತೆಂಟು, ಮೂವತ್ತು. ಇಂಜಿನಿಯರ್ ಮೇಸ್ತ್ರಿಯ ಕೈ ಹಿಡಿದು ಕುಲುಕಿದರು. ಸಿಮೆಂಟು ಹತ್ತಿದ್ದನ್ನು ಒರೆಸಿಕೊಳ್ಳದೆ ಹಾಗೇ ಹೋದರು. ಮೇಸ್ತ್ರಿ ಲ್ಯಾಬಿನಿಂದ ಹೊರಗೆ ಬಂದು, ಚಪ್ಪಲಿ ಮೆಟ್ಟುತ್ತ, ಹೆಂಡತಿಯ ಕಡೆ ನೋಡದೆಯೇ ಹೇಳಿದ, "ಚುಂಯ್ ಅಂತಾ?"

"ಹ್ಞಾ?"

"ನೀರಿಗೆ ಹಾಕ್ದಾಗ ಚುಂಯ್ ಅಂತು ಅಂತ ಈ ಹುಡುಗಿ ಹತ್ರ ಅಂದ್ಯಂತೆ." ಅವನ ಹೊಟ್ಟೆ ಅಲುಗತೊಡಗಿತು. ಎರಡು ದಿನದ ನಗುವನ್ನು ಅವನು ಒಟ್ಟಿಗೇ ನಕ್ಕ, ಗೋಡೆ ಹಿಡಿದುಕೊಂಡು.

ಸಂಜೆ ಮೂರು ತೂತುಗಳನ್ನೂ ಮೇಸ್ತ್ರಿಯೇ ತುಂಬಿದ. ಗಟ್ಟಿಯಾದ ಕಲಸು, ಬೊಗಸೆಯಲ್ಲಿ ಮುದ್ದೆ ಕಟ್ಟಿ, ಸುತ್ತಿಗೆಯ ಹಿಡಿಯ ತುದಿಯಲ್ಲಿ ಜಡಿದು. ಮರುದಿನ ನೋಡಿದರೆ ಸುತ್ತಲಿನ ಬೂದುಬಣ್ಣಕ್ಕಿಂತ ಸ್ವಲ್ಪ ಕಪ್ಪಗೆ ಮೂರು ದುಂಡು ಮಚ್ಚೆಗಳು. "ಒಣಗಿದ್ರೆ ಬಣ್ಣ ಸೇರ್ಕೊಳತ್ತೆ," ಎಂದ. "ಏಳು ದಿನ ತೇವ ಆರಬಾರದು ಅಷ್ಟೇ. ಯಾರಾದ್ರೂ ನೋಡ್ಕೋಬೇಕು."

ಹುಡುಗಿ ರಿಜಿಸ್ಟರು ಎದೆಗೊತ್ತಿಕೊಂಡು ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಅಷ್ಟರಲ್ಲಿ ಅತ್ತಿಗೆ ಬಂದಳು. ಬಾಗಿಲ ಹೊರಗೇ ಚಪ್ಪಲಿ ಬಿಟ್ಟು, ಮೊದಲ ಮೆಟ್ಟಿಲ ಮುಂದೆ ಒಂದು ಗಳಿಗೆ ನಿಂತಳು. ಈ ಸೈಟಿನಲ್ಲಿ ಎರಡು ವರ್ಷದಿಂದ ಟೀ ಹಂಚುತ್ತಿದ್ದರೂ, ಹಲಗೆ ಬಿಚ್ಚಿದ ಮೇಲೆ ಅವಳು ಅದನ್ನು ಒಮ್ಮೆಯೂ ಹತ್ತಿರಲಿಲ್ಲ. ಕೈಯಲ್ಲಿ ಆ ದೊಡ್ಡ ಕೆಟಲ್ಲು, ಟೀ ಇಲ್ಲದೆ ಬರೀ ನೀರು ತುಂಬಿದ್ದು.

"ಹತ್ತೇ," ಎಂದ ಮೇಸ್ತ್ರಿ ಮೇಲಿನಿಂದ. "ಬೀಳಲ್ಲ."

ಅವಳು ಒಂದು ಕೈಯಲ್ಲಿ ಸೀರೆ ಎತ್ತಿ ಹಿಡಿದು ಹತ್ತಿದಳು. ಒಂದೊಂದು ಮಚ್ಚೆಯ ಮುಂದೂ ಬಗ್ಗಿ, ಲೋಟಕ್ಕೆ ಟೀ ಬಗ್ಗಿಸುವಷ್ಟೇ ಜತನದಿಂದ ಕೆಟಲ್ಲಿನ ಮೂತಿ ಬಗ್ಗಿಸಿದಳು. ಹೆಚ್ಚಾದ ನೀರು ಮಚ್ಚೆಯ ಅಂಚು ದಾಟಿ, ಕೆಳಗಿನ ಮೆಟ್ಟಿಲಿಗೆ ಇಳಿದು, ಅಲ್ಲಿಂದ ಅದರ ಕೆಳಗಿನದಕ್ಕೆ, ಆ ಅರ್ಧ ಸುತ್ತನ್ನೂ ನಿಧಾನವಾಗಿ ಸುತ್ತಿ ಬಂದು ಹುಡುಗಿಯ ಕಾಲಿನ ಹೆಬ್ಬೆರಳನ್ನು ಮುಟ್ಟಿತು.