ನಂದಿನಿ ಹೇಳದೆ ಬಿಟ್ಟ ಮಾತು

ಮರಿಸೋಲ್ ಸಿಂಧನೂರಿಗೆ ಬಂದಾಗ ಭತ್ತದ ನಾಟಿ ನಡೆದಿತ್ತು. ಫಿಲಿಪ್ಪೀನ್ಸ್ ದೇಶದ ಸಣ್ಣದೊಂದು ದ್ವೀಪದ ಹುಡುಗಿ ಅವಳು. ಇಪ್ಪತ್ಮೂರು ವರ್ಷ. ಒಂದು ವರ್ಷ ಸೇವೆ ಮಾಡಿ ಬಾ ಎಂದು ಅವಳ ಊರಿನ ಚರ್ಚಿನವರು ಕಳಿಸಿದ್ದರು. ಹೊರಡುವ ದಿನ ಅಲ್ಲಿಯ ಪಾದ್ರಿ ತಲೆಯ ಮೇಲೆ ಕೈಯಿಟ್ಟು, "ಹೋದಲ್ಲೆಲ್ಲ ದೇವರ ಮಾತನ್ನು ಧೈರ್ಯವಾಗಿ ಹೇಳು" ಎಂದಿದ್ದರು. ಇಲ್ಲಿ ಕಾಲುವೆಯ ಪಕ್ಕ ಚಿಕ್ಕ ದವಾಖಾನೆ ನಡೆಸುತ್ತಿದ್ದ ಹಿರಿಯ ಸಿಸ್ಟರ್ ಮೊದಲ ದಿನವೇ ಬೇರೆ ಹೇಳಿದರು: "ಮಾತು ನಿನ್ನ ಕೆಲಸ ಅಲ್ಲಮ್ಮ. ಹುಣ್ಣು ತೊಳಿ, ಕೈಕಾಲು ತೀಡು. ಅವರಾಗಿ ಕೇಳದಿದ್ದರೆ ಪ್ರಾರ್ಥನೆಯೂ ಬೇಡ."

ಎರಡರಲ್ಲಿ ಯಾವ ಮಾತು ಕೇಳಬೇಕೋ ಅವಳಿಗೆ ತಿಳಿಯಲಿಲ್ಲ. ಸುತ್ತಲಿನ ಗದ್ದೆಗಳೂ ಹಾಗೆಯೇ ಗೊಂದಲಕ್ಕೆ ಕೆಡವಿದವು. ನೋಡಿದರೆ ಥೇಟು ತನ್ನೂರು. ಆದರೆ ಇಷ್ಟು ಭತ್ತ ಬೆಳೆಯುವ ಜನ ಕೂತು ಉಣ್ಣುವುದು ಜೋಳದ ರೊಟ್ಟಿ!

ದವಾಖಾನೆಯ ನರ್ಸ್ ನಂದಿನಿ ಮಸ್ಕಿಯ ಹುಡುಗಿ. ಇಂಗ್ಲಿಷ್ ಬಲ್ಲವಳು. ಇಬ್ಬರೂ ಸ್ಕೂಟಿಯ ಮೇಲೆ ಹಳ್ಳಿಗಳಿಗೆ ಹೋಗಿ, ಹಾಸಿಗೆ ಹಿಡಿದವರನ್ನು ನೋಡಿ ಬರುತ್ತಿದ್ದರು. ಸಾಲಗುಂದದ ಆದಪ್ಪನ ಮನೆ ಸಿಕ್ಕದ್ದು ಹಾಗೆ. ಲಕ್ವ ಹೊಡೆದು ಆದಪ್ಪನ ಬಲಗೈ ಬಲಗಾಲು ಬಿದ್ದುಹೋಗಿದ್ದವು. ಪಡಸಾಲೆಯ ಹೊರಸಿನ ಮೇಲೆ ಮಲಗಿ, ಬಂದವರನ್ನೆಲ್ಲ ಕಣ್ಣಲ್ಲೇ ಮಾತಾಡಿಸುತ್ತಿದ್ದ. ಹೆಂಡತಿ ಶಿವಲಿಂಗಮ್ಮನ ನಾಲಿಗೆಗೆ 'ಮರಿಸೋಲ್' ಹೊರಳಲಿಲ್ಲ.

"ಏನಂದಿ? ಮಾರೆವ್ವನಾ? ಚಲೋ ಆತು ಬಿಡು. ನಮ್ಮೂರ ದ್ಯಾವತಿ ಹೆಸರ ಇಟ್ಟಾರ ನಿನಗ."

ನಂದಿನಿ ಇದನ್ನು ತಿಳಿಸಿದಾಗ ಮರಿಸೋಲ್ ತಬ್ಬಿಬ್ಬಾದಳು. ಯೇಸುವಿನ ಕೆಲಸಕ್ಕೆ ಬಂದವಳನ್ನು ಇನ್ನೊಂದು ದೇವತೆಯ ಹೆಸರಿನಿಂದ ಕರೆಯುತ್ತಾರೆ. ಓಗೊಡಬಹುದೇ? ಮುದುಕಿ ಅಷ್ಟು ಪ್ರೀತಿಯಿಂದ ಕರೆದದ್ದಕ್ಕೆ ಓಗೊಟ್ಟೇಬಿಟ್ಟಳು.

ಎಣ್ಣೆ ಹಚ್ಚಿ ತೀಡುತ್ತ, ಬೆರಳು ಮಡಚಿ ಬಿಚ್ಚುತ್ತ ವಾರಗಳು ಕಳೆದವು. ಒಂದು ಮುಂಜಾನೆ ಆದಪ್ಪನ ಬಲಗೈ ಹೆಬ್ಬೆರಳು ತಾನಾಗಿ ಅಲುಗಿತು. ಶಿವಲಿಂಗಮ್ಮ ಓಡಿಬಂದು ಮರಿಸೋಲಳ ಎರಡೂ ಕೈ ಹಿಡಿದುಕೊಂಡಳು.

"ನಿನ್ನ ದೇವ್ರಿಗೂ ಒಂದು ಮಾತು ಕೇಳ ಯವ್ವಾ. ನಾ ನಮ್ಮ ಮಾರೆವ್ವಗ ಕೇಳಾಕತ್ತೀನಿ. ಇಬ್ರೂ ಕೂಡಿ ನೋಡ್ಲಿ."

ನಂದಿನಿ ಅದನ್ನು ಇಂಗ್ಲಿಷಿನಲ್ಲಿ ತಿಳಿಸಿದಳು. ಅವರಾಗಿಯೇ ಕೇಳಿದರಲ್ಲ! ಮರಿಸೋಲ್ ಮೊಣಕಾಲೂರಿ, ಆದಪ್ಪನ ಹಣೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದಳು. ಮೈಯೆಲ್ಲ ಬೆಚ್ಚಗಾಗಿ, ಪಾದ್ರಿ ಹೇಳಿದ ಧೈರ್ಯ ಇದೇ ಇರಬೇಕು ಅನ್ನಿಸಿತು. ಕಣ್ಣು ತೆರೆದವಳೇ ನಂದಿನಿಗೆ ಹೇಳಿದಳು: "ಅಮ್ಮನಿಗೆ ಹೇಳು. ಇವರು ಎದ್ದು ನಡೆಯುತ್ತಾರೆ. ದೇವರ ಹೆಸರಿನಲ್ಲಿ ನಾನು ಮಾತು ಕೊಡುತ್ತೇನೆ."

ನಂದಿನಿ ಒಂದು ಗಳಿಗೆ ಅವಳ ಮುಖ ನೋಡಿದಳು. ಆಮೇಲೆ ಶಿವಲಿಂಗಮ್ಮನ ಕಡೆ ತಿರುಗಿ ಏನೋ ಹೇಳಿದಳು. ಮುದುಕಿ ಕೈಮುಗಿದಳು.

ಮುಂದಿನ ವಾರ ಲಕ್ವ ಮತ್ತೆ ಹೊಡೆಯಿತು. ಆಸ್ಪತ್ರೆಗೆ ಒಯ್ಯಲು ಗಾಡಿ ಬರುವುದರೊಳಗೆ ಆದಪ್ಪನ ಪ್ರಾಣ ಹೋಗಿತ್ತು.

ಸುದ್ದಿ ಕೇಳಿದ ಮರಿಸೋಲ್ ಸಾಲಗುಂದಕ್ಕೆ ಹೋಗಲೇ ಇಲ್ಲ. ಯಾವ ಮುಖ ಹೊತ್ತು ಹೋಗುವುದು? ಮಾತು ಕೊಟ್ಟವಳು ತಾನು. ಸುಳ್ಳಾಡಿದ್ದು ತಾನೋ, ದೇವರೋ? ಹಾಗೆ ಯೋಚಿಸುವುದೇ ಪಾಪವೋ? ಜ್ವರವೆಂದು ಎರಡು ದಿನ ಮಲಗಿ, ಮೂರನೆಯ ದಿನ ಹಿರಿಯ ಸಿಸ್ಟರನ್ನು ಕೇಳಿಕೊಂಡು ಮುದಗಲ್ಲಿನಲ್ಲಿದ್ದ ಸಿಸ್ಟರುಗಳ ಮನೆಗೆ ಹೋಗಿಬಿಟ್ಟಳು. ಅಲ್ಲಿ ಕೋಟೆಯ ಗೋಡೆ ಕಾಣುವ ಕಿಟಕಿಯ ಬಳಿ ಕೂತು ಪ್ರಾರ್ಥನೆಗೆ ತೊಡಗಿದರೆ ಮೊದಲ ಸಾಲಿನಾಚೆ ನಾಲಿಗೆ ಹೋಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಬಾಗಿಲಲ್ಲಿ ಶಿವಲಿಂಗಮ್ಮ ನಿಂತಿದ್ದಳು! ಹಿಂದೆ ನಂದಿನಿ. ಸಿಂಧನೂರಿನಿಂದ ಬಸ್ಸಿಗೆ ಹೊರಟು, ಲಿಂಗಸೂಗೂರಿನಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಬಂದಿದ್ದರು. ಮುದುಕಿಯ ಹಣೆ ಬೋಳಾಗಿತ್ತು. ಬಯ್ಯಲು ಬಂದಿದ್ದಾಳೆ ಎಂದುಕೊಂಡು ಮರಿಸೋಲ್ ಗೋಡೆಗೆ ಒರಗಿದಳು.

"ಎಲ್ಲಿ ಹೋಗಿದ್ದಿ ಬೇ ನೀ?" ಎಂದಳು ಶಿವಲಿಂಗಮ್ಮ. "ಮಣ್ಣು ಕೊಡಾಕ ಊರಿಗೂರೇ ಬಂದಿತ್ತು. ನೀ ಒಬ್ಬಾಕಿ ಇದ್ದಿಲ್ಲ. ಅರಾಮ ಇಲ್ಲಂತ ಅಂದ್ಳು ಈಕಿ. ನೋಡು, ಮಾರಿ ಹೆಂಗ ಬಾಡೈತಿ." ಸೆರಗಿನ ಗಂಟು ಬಿಚ್ಚಿ ಎರಡು ರೊಟ್ಟಿ, ಶೇಂಗಾ ಚಟ್ನಿ ತೆಗೆದು ಮುಂದಿಟ್ಟಳು. "ತಿನ್ನು. ನಾಡ್ದು ಆತನ ದಿನಕರ್ಮ ಐತಿ, ಬಂದುಬಿಡು."

ಮರಿಸೋಲ್ ಅತ್ತಳು. ನಂದಿನಿಯನ್ನು ಪಕ್ಕಕ್ಕೆ ಕರೆದು ಕೇಳಿದಳು: "ಇವರಿಗೆ ನನ್ನ ಮೇಲೆ ಸಿಟ್ಟಿಲ್ಲವೇ? ನಡೆಯುತ್ತಾರೆ ಎಂದು ಮಾತು ಕೊಟ್ಟಿದ್ದೆನಲ್ಲ!"

ನಂದಿನಿ ತಲೆ ತಗ್ಗಿಸಿದಳು. "ಆ ಮಾತು ನಾನು ಹೇಳಲಿಲ್ಲ."

"ಮತ್ತೇನು ಹೇಳಿದೆ?"

"'ಈಕಿ ಬೇಡಿಕೊಂಡಾಳ, ಮುಂದಿಂದು ದೇವ್ರಿಗೆ ಬಿಟ್ಟಿದ್ದು' ಅಂದೆ. ಅಂಥ ಮಾತು ನಾವು ಯಾರಿಗೂ ಕೊಡೋದಿಲ್ಲ, ಮರಿಸೋಲ್. ಕೊಟ್ಟರೆ ಅವರು ಅದನ್ನೇ ಹಿಡ್ಕೊಂಡು ಕೂತಿರ್ತಾರೆ."

ಮರಿಸೋಲಳಿಗೆ ಮೊದಲು ಬಂದದ್ದು ಸಿಟ್ಟು. ತನ್ನ ಬಾಯಿಂದ ಬಂದ ಮಾತನ್ನು ನುಂಗಲು ಇವಳು ಯಾರು? ಮರುಕ್ಷಣವೇ ದೊಡ್ಡ ಹೊರೆ ಇಳಿದಂತಾಯಿತು. ಅದರ ಬೆನ್ನಿಗೇ ನಾಚಿಕೆ. ಹಾಗಾದರೆ ಈವರೆಗೆ ತಾನು ಆಡಿದ್ದರಲ್ಲಿ ಇವರಿಗೆ ಮುಟ್ಟಿದ್ದೆಷ್ಟು? ಮುದುಕಿ ಪ್ರೀತಿಸಿದ್ದು ತನ್ನನ್ನೋ, ನಂದಿನಿಯ ಮಾತಿನಲ್ಲಿದ್ದ ಬೇರೊಬ್ಬಳನ್ನೋ?

ಮುಚ್ಚಿಡಲು ಮನಸ್ಸಾಗಲಿಲ್ಲ. ಶಿವಲಿಂಗಮ್ಮನ ಮುಂದೆ ಕೂತು, ಕಲಿತಷ್ಟು ಕನ್ನಡದಲ್ಲಿ ತಾನೇ ಹೇಳಿದಳು: "ಅಮ್ಮಾ, ನಾನು ಹೇಳಿದ್ದೆ. ಅಪ್ಪ ಎದ್ದು ನಡೀತಾರೆ."

ಶಿವಲಿಂಗಮ್ಮ ರೊಟ್ಟಿಯನ್ನು ಅವಳತ್ತ ಇನ್ನಷ್ಟು ಸರಿಸಿದಳು.

"ಹೌದವ್ವಾ," ಎಂದಳು. "ಎದ್ದು ನಡದೇಬಿಟ್ಟ. ಹಿಂದಕ್ಕ ಹೊಳ್ಳಿ ಸೈತ ನೋಡ್ಲಿಲ್ಲ."

ಕ್ಷಮಿಸಿದಳೋ, ಅರ್ಥವಾಗದೆ ಹಾಗೆಂದಳೋ, ಅರ್ಥವಾಗಿಯೇ ಹಾಗೆಂದಳೋ? ಮರಿಸೋಲ್ ನಂದಿನಿಯತ್ತ ನೋಡಿದಳು. ನಂದಿನಿಯ ಕಣ್ಣೂ ತುಂಬಿತ್ತು.

ದಿನಕರ್ಮದಂದು ಮರಿಸೋಲ್ ಸಾಲಗುಂದಕ್ಕೆ ಹೋದಳು. ಹೆಂಗಸರ ಪಂಕ್ತಿಯಲ್ಲಿ ಕೂರಿಸಿ ಹುಗ್ಗಿ ಬಡಿಸಿದರು. ಆದಪ್ಪನ ಫೋಟೋಕ್ಕೆ ಹಾರ ಹಾಕಿದ್ದರು. ಅದರ ಮುಂದೆ ಕಣ್ಣು ಮುಚ್ಚಿದರೆ ದೇವರನ್ನು ಏನು ಕೇಳಬೇಕೆಂದು ಹೊಳೆಯಲಿಲ್ಲ. ಆ ಮನುಷ್ಯನ ಹಣೆ ಅಂಗೈಯಡಿ ಬೆಚ್ಚಗಿದ್ದದ್ದಷ್ಟೇ ನೆನಪಾಯಿತು.

ಕೈ ತೊಳೆಯುವಾಗ ಪಕ್ಕದ ಮನೆಯ ಗೋಪಣ್ಣ ಬಂದು ನಿಂತ. "ತಂಗಿ, ನಮ್ಮವ್ವಗ ಮೊಣಕಾಲು ಬ್ಯಾನಿ, ಏಳಾಕ ಬರವಲ್ದು. ಬಂದು ಒಂದೀಟು ನೋಡ್ತೀರೇನು? ಕಡಿಮಿ ಆಕ್ಕೈತೇನ್ರಿ?"

ಮರಿಸೋಲಳಿಗೆ ಇಷ್ಟು ಕನ್ನಡ ತಿಳಿಯಿತು. "ಏನು ಹೇಳಲಿ?" ಎಂದು ನಂದಿನಿಯನ್ನು ಕೇಳಿದಳು.

"ನಾಳೆ ಬರ್ತೀವಿ ಅನ್ನು."

"ಅಷ್ಟೇ ಸಾಕೇ?"

"ನನಗೂ ಗೊತ್ತಿಲ್ಲ," ಎಂದಳು ನಂದಿನಿ.

ಮರಿಸೋಲ್ ಒದ್ದೆ ಕೈಯನ್ನು ಸ್ಕರ್ಟಿಗೆ ಒರೆಸಿಕೊಂಡು ಗೋಪಣ್ಣನಿಗೆ ಹೇಳಿದಳು: "ನಾಳಿ ಬರ್ತೀನ್ರಿ."